ಲೆಕ್ಕ ನೋಡಿ ಬಿಟ್ಟ ಸಾಲ



ಬೂದಿ ಬುಧವಾರದಿಂದ ಪಾಸ್ಕ ಹಬ್ಬದವರೆಗಿನ ತಪಸ್ಸುಕಾಲ ಇದು. ಈ ದಿನಗಳಲ್ಲಿ ಕ್ರೈಸ್ತರ ಮನೆಗಳಲ್ಲಿ ಮಾಂಸ ಬಿಡುವವರಿದ್ದಾರೆ, ಒಂದು ಹೊತ್ತು ಊಟ ಬಿಡುವವರಿದ್ದಾರೆ, ಉಳಿಸಿದ ದುಡ್ಡನ್ನು ಬಡವರಿಗೆ ಕೊಡುವವರಿದ್ದಾರೆ. ಇವೆಲ್ಲ ಒಳ್ಳೆಯ ವ್ರತಗಳು. ಇವೆಲ್ಲಕ್ಕಿಂತ ಕಷ್ಟವಾದ ಇನ್ನೊಂದು ವ್ರತವಿದೆ. ನಮಗೆ ಅನ್ಯಾಯ ಮಾಡಿದವರನ್ನು ಕ್ಷಮಿಸುವ ವ್ರತ. ಅದರ ಬಗ್ಗೆ ಇಂದು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಕ್ಷಮೆ ಒಂದೇ ಧರ್ಮದ ಸ್ವತ್ತಲ್ಲ. ನಮ್ಮ ನಾಡಿನ ಜೈನರು ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಆಚರಿಸುತ್ತಾರೆ, ಹಿರಿಯರು ಕಿರಿಯರೆನ್ನದೆ ಒಬ್ಬರಿಂದೊಬ್ಬರು ಕ್ಷಮೆ ಬೇಡುತ್ತಾರೆ. ಎಲ್ಲ ಧರ್ಮಗಳ ಹಿರಿಯರೂ ಈ ಗುಣವನ್ನು ಹೊಗಳಿದ್ದಾರೆ. ಯೇಸುಸ್ವಾಮಿ ಅದನ್ನು ಹೊಗಳಿ ಸುಮ್ಮನಾಗಲಿಲ್ಲ. ಪ್ರತಿದಿನ ಹೇಳಬೇಕಾದ ಪ್ರಾರ್ಥನೆಯ ಒಳಗೇ ಅದನ್ನು ಒಂದು ಷರತ್ತಿನಂತೆ ಇಟ್ಟುಬಿಟ್ಟರು. ನಾವು ಇತರರನ್ನು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂದು ದೇವರನ್ನು ಬೇಡುವಾಗ, ನಮ್ಮನ್ನು ಅಳೆಯಬೇಕಾದ ಅಳತೆಗೋಲನ್ನು ನಾವೇ ದೇವರ ಕೈಗೆ ಕೊಡುತ್ತೇವೆ. ಎಷ್ಟು ಅಪಾಯದ ಪ್ರಾರ್ಥನೆ ಎಂದು ಯೋಚಿಸಿ. ಬಾಲ್ಯದಿಂದ ಬಾಯಿಪಾಠವಾದದ್ದರಿಂದ ನಾವು ಅದರ ಮೇಲೆ ಸಲೀಸಾಗಿ ದಾಟಿಹೋಗುತ್ತೇವೆ.

ಯೇಸುವಿನ ಶಿಷ್ಯ ಪೇತ್ರ ಹಾಗೆ ದಾಟಿಹೋಗುವ ಮನುಷ್ಯನಾಗಿರಲಿಲ್ಲ. ಮತ್ತಾಯನು ಬರೆದ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಅವನು ಬಂದು ನೇರವಾಗಿ ಕೇಳುತ್ತಾನೆ: ಸೋದರ ನನಗೆ ತಪ್ಪು ಮಾಡುತ್ತಲೇ ಇದ್ದರೆ ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ? ಅವನ ಮಟ್ಟಿಗೆ ಏಳು ದೊಡ್ಡ ಸಂಖ್ಯೆಯೇ. ನಮ್ಮಲ್ಲಿ ಎಷ್ಟು ಜನ ಒಂದೇ ಮನುಷ್ಯನನ್ನು ಏಳು ಸಲ ಕ್ಷಮಿಸಿದ್ದೇವೆ? ಯೇಸು ಕೊಟ್ಟ ಉತ್ತರ: ಏಳಲ್ಲ, ಏಳೆಪ್ಪತ್ತು. ಎಪ್ಪತ್ತೇಳು ಎಂದೂ ಓದಬಹುದಾದ ಆ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಬೈಬಲಿನ ಮೊದಲ ಪುಸ್ತಕದಲ್ಲಿ, ತಮ್ಮನನ್ನು ಕೊಂದ ಕಾಯಿನನ ವಂಶದ ಲೆಮೆಕನೆಂಬವನು ತನ್ನ ಹೆಂಡತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾನೆ. ಕಾಯಿನನಿಗಾಗಿ ಏಳರಷ್ಟು ಸೇಡಾದರೆ, ತನಗಾಗಿ ಎಪ್ಪತ್ತೇಳರಷ್ಟು ಸೇಡು ಎಂದು. ಸೇಡು ಬೆಳೆಯುವ ಪರಿಯೇ ಅದು. ಒಂದು ಏಟಿಗೆ ಏಳು, ಏಳಕ್ಕೆ ಎಪ್ಪತ್ತೇಳು. ಸೇಡಿನ ಆ ಹಳೆಯ ಲೆಕ್ಕವನ್ನೇ ಯೇಸು ತಿರುಗಿಸಿ ಕ್ಷಮೆಗೆ ಕೊಟ್ಟರು.

ಆಮೇಲೆ ಅವರು ಒಂದು ಸಾಮತಿ ಹೇಳಿದರು. ಒಬ್ಬ ಅರಸ ತನ್ನ ಸೇವಕರ ಲೆಕ್ಕ ನೋಡಲು ಕುಳಿತ. ಹತ್ತು ಸಾವಿರ ತಲಾಂತು ಸಾಲ ಮಾಡಿದ್ದ ಒಬ್ಬನನ್ನು ಹಿಡಿದು ತಂದರು. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಎಂದರೆ ಆ ಕಾಲದ ಕೂಲಿಯಾಳಿನ ಒಂದು ದಿನದ ಕೂಲಿ. ಗುಣಿಸಿ ನೋಡಿ: ಆರು ಕೋಟಿ ದಿನಗಳ ಕೂಲಿ. ಒಂದು ದಿನವೂ ಬಿಡದೆ ದುಡಿದರೂ 1,60,000 ವರ್ಷಗಳಿಗೆ ಮೇಲಾಗುತ್ತದೆ. ಕೇಳುತ್ತಿದ್ದವರಿಗೆ ಇದು ಯಾರಿಂದಲೂ ತೀರದ ಸಾಲ ಎಂದು ಕೂಡಲೇ ಗೊತ್ತಾಗಿರಬೇಕು. ಅವನು ಕಾಲಿಗೆ ಬಿದ್ದ, ಅರಸ ಮರುಗಿ ಸಾಲವನ್ನೆಲ್ಲ ಮನ್ನಾ ಮಾಡಿದ. ಹೊರಗೆ ಬಂದ ಅದೇ ಮನುಷ್ಯ ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ, ಸೆರೆಮನೆಗೆ ಹಾಕಿಸಿದ. ಸುದ್ದಿ ಅರಸನಿಗೆ ಮುಟ್ಟಿತು. ಸಿಕ್ಕಿದ ಕ್ಷಮೆ ಅವನ ಕೈತಪ್ಪಿತು.

ಈ ಕಥೆಯನ್ನು ನೀವು ಹಲವು ಸಲ ಕೇಳಿರಬಹುದು. ಅದರಲ್ಲಿನ ಮೂರು ವಿಷಯಗಳ ಮೇಲೆ ನಿಮ್ಮ ಗಮನ ಸೆಳೆಯುತ್ತೇನೆ.

ಮೊದಲನೆಯದು, ನೂರು ದಿನಾರಿ ಸಣ್ಣ ಮೊತ್ತವಲ್ಲ. ಅದು ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ಕೂಲಿಮಾಡಿ ಬದುಕುವ ಸಂಸಾರ ಅಷ್ಟನ್ನು ಕಳೆದುಕೊಂಡರೆ ಒಲೆ ಉರಿಯುವುದಿಲ್ಲ. ನಿನಗಾದ ನೋವು ಏನೂ ಅಲ್ಲ ಎಂದು ಯೇಸು ಹೇಳಲಿಲ್ಲ. ನಿನಗೆ ಬರಬೇಕಾದದ್ದು ನಿಜವಾಗಿಯೂ ಬರಬೇಕಾಗಿತ್ತು ಎಂದೇ ಆ ನೂರರ ಲೆಕ್ಕ ಹೇಳುತ್ತದೆ.

ಎರಡನೆಯದು, ಅರಸ ಮೊದಲು ಲೆಕ್ಕ ನೋಡಿದ, ಆಮೇಲೆ ಸಾಲ ಬಿಟ್ಟ. ಎಷ್ಟು ಎಂದು ತಿಳಿಯದೆ ಬಿಟ್ಟದ್ದು ಮನ್ನಾ ಆಗುವುದಿಲ್ಲ, ಅದು ಅಲಕ್ಷ್ಯ. ಕ್ಷಮೆಯ ಮೊದಲ ಹೆಜ್ಜೆ ಸತ್ಯ. ಇಂಥ ದಿನ ಇಂಥದ್ದು ನಡೆಯಿತು, ಅದು ತಪ್ಪು, ಅದರಿಂದ ನನಗೆ ಇಷ್ಟು ನಷ್ಟವಾಯಿತು ಎಂದು ಹೆಸರಿಟ್ಟು ಹೇಳಿದ ಮೇಲೆಯೇ ಬಿಡುವ ಮಾತು ಬರುತ್ತದೆ.

ಮೂರನೆಯದು, ಮನ್ನಾ ಆದ ಸಾಲದ ನಷ್ಟ ಗಾಳಿಯಲ್ಲಿ ಕರಗುವುದಿಲ್ಲ. ಅದು ಕೊಟ್ಟವನ ತಲೆಯ ಮೇಲೆಯೇ ಬೀಳುತ್ತದೆ. ಅರಸನ ಬೊಕ್ಕಸಕ್ಕೆ ಅಷ್ಟು ತಲಾಂತು ಖೋತಾ ಆಯಿತು. ಕ್ಷಮಿಸುವವನು ತನ್ನದಲ್ಲದ ತಪ್ಪಿನ ಭಾರವನ್ನು ತಾನು ಹೊರುತ್ತಾನೆ. ಕ್ರೈಸ್ತರು ಶಿಲುಬೆಯ ಮುಂದೆ ಮೊಣಕಾಲೂರಿ ನಿಲ್ಲುವುದು ಇದೇ ಕಾರಣಕ್ಕೆ. ದೇವರು ಮನುಷ್ಯರ ತಪ್ಪನ್ನು ಕಾಣದವರಂತೆ ಕಣ್ಣು ಮುಚ್ಚಿಕೊಳ್ಳಲಿಲ್ಲ, ಅದರ ಬೆಲೆಯನ್ನು ತಮ್ಮ ಮೈಮೇಲೆ ತೆಗೆದುಕೊಂಡರು ಎಂಬುದು ನಮ್ಮ ನಂಬಿಕೆಯ ತಿರುಳು.

ಇಷ್ಟು ಹೇಳಿದ ಮೇಲೆ, ಕ್ಷಮೆಯ ಹೆಸರಿನಲ್ಲಿ ನಡೆಯುವ ಒಂದು ಅನ್ಯಾಯದ ಬಗ್ಗೆ ಮಾತಾಡದೆ ಮುಂದೆ ಹೋಗುವಂತಿಲ್ಲ. ಗಂಡನಿಂದ ಹೊಡೆಸಿಕೊಂಡು ತವರಿಗೆ ಬಂದ ಹೆಣ್ಣುಮಗಳಿಗೆ, “ಸಹಿಸ್ಕೋಮ್ಮಾ, ಯೇಸುಸ್ವಾಮಿ ಎಷ್ಟು ಸಹಿಸಿದರು” ಎಂದು ಬುದ್ಧಿ ಹೇಳಿ ಅದೇ ಮನೆಗೆ ಕಳಿಸುವವರಿದ್ದಾರೆ. ಆಸ್ತಿಯಲ್ಲಿ ಮೋಸಹೋದ ತಮ್ಮನಿಗೆ, “ಕ್ರೈಸ್ತನಾಗಿ ಅಣ್ಣನ ಮೇಲೆ ದಾವೆ ಹಾಕ್ತೀಯಾ?” ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಮಗುವಿನ ಮೇಲೆ ಆದ ದೌರ್ಜನ್ಯವನ್ನು ಮನೆತನದ ಮರ್ಯಾದೆಗೋಸ್ಕರ, ಸಂಸ್ಥೆಯ ಹೆಸರಿಗೋಸ್ಕರ ಮುಚ್ಚಿಟ್ಟು ಅದಕ್ಕೆ ಕ್ಷಮೆಯ ಬಣ್ಣ ಬಳಿಯುವವರಿದ್ದಾರೆ. ಇದು ಕ್ಷಮೆಯಲ್ಲ. ಹೊಡೆಯುವ ಕೈಗೆ ಧೈರ್ಯ ಕೊಡುವ ಪಾಪ. ಸೋದರ ತಪ್ಪು ಮಾಡಿದರೆ ಅವನನ್ನು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದು ಯೇಸು ಹೇಳಿದ್ದನ್ನು ಲೂಕನು ಬರೆದಿಟ್ಟಿದ್ದಾನೆ. ಗದರಿಸುವ ಆ ಮೊದಲ ಭಾಗವನ್ನು ಬಿಟ್ಟು ಎರಡನೆಯದನ್ನು ಮಾತ್ರ ನೊಂದವರ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ. ಗುರುಗಳಿಗೂ ಇಲ್ಲ, ಹಿರಿಯರಿಗೂ ಇಲ್ಲ. ಕ್ಷಮೆ ನೊಂದವರು ಕೊಡುವ ದಾನ. ಅದನ್ನು ಬೇರೆಯವರು ವಸೂಲಿ ಮಾಡಬಾರದು.

ಹಾಗಾದರೆ ಕ್ಷಮಿಸಿದವರು ಕಾನೂನಿನ ಬಾಗಿಲು ತಟ್ಟಬಹುದೇ? ಖಂಡಿತ ಬಹುದು. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳು ಮಲಗಿದ್ದ ವಾಹನಕ್ಕೆ ಬೆಂಕಿ ಹಚ್ಚಿ ಅವರನ್ನು ಸುಟ್ಟು ಕೊಂದರು. ಫಿಲಿಪ್‌ನಿಗೆ ಹತ್ತು ವರ್ಷ, ತಿಮೊಥಿಗೆ ಆರು. ಹೆಂಡತಿ ಗ್ಲಾಡಿಸ್ ಆ ಕೊಲೆಗಾರರನ್ನು ಕ್ಷಮಿಸಿರುವುದಾಗಿ ಹೇಳಿದರು. ತಮ್ಮ ಕ್ಷಮೆ ಬೇರೆ, ಕಾನೂನು ಮಾಡಬೇಕಾದ ಕೆಲಸ ಬೇರೆ ಎಂದೂ ಸ್ಪಷ್ಟವಾಗಿ ಹೇಳಿದರು. ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು. ಗ್ಲಾಡಿಸ್ ಮಾತ್ರ ಕೂಡಲೇ ಆಸ್ಟ್ರೇಲಿಯಾಕ್ಕೆ ಹೊರಟುಹೋಗಲಿಲ್ಲ. ಗಂಡ ವರ್ಷಗಟ್ಟಲೆ ಕುಷ್ಠರೋಗಿಗಳ ಸೇವೆ ಮಾಡಿದ್ದ ಬಾರಿಪದಾದಲ್ಲಿ 2004ರವರೆಗೆ ಉಳಿದು ಆ ಕೆಲಸ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಸೇಡಿನ ಆಸೆಯನ್ನು ಮನಸ್ಸಿನಿಂದ ಬಿಡುವುದಕ್ಕೂ ನ್ಯಾಯದ ಕೆಲಸವನ್ನು ನ್ಯಾಯಾಲಯಕ್ಕೆ ಬಿಡುವುದಕ್ಕೂ ವಿರೋಧವಿಲ್ಲ ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಇನ್ನೊಂದು ಘಟನೆಯನ್ನು ತುಸು ವಿವರವಾಗಿ ಹೇಳಬೇಕು. ಕ್ಷಮೆ ಎಷ್ಟು ನಿಧಾನದ ಕೆಲಸ ಎಂಬುದು ಇದರಿಂದ ಗೊತ್ತಾಗುತ್ತದೆ.

ಕೇರಳದ ಪುಲ್ಲುವಳಿ ಗ್ರಾಮದ ರೈತ ಕುಟುಂಬದಲ್ಲಿ 1954ರಲ್ಲಿ ಹುಟ್ಟಿದ ರಾಣಿ ಮರಿಯಾ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಕನ್ಯಾಸ್ತ್ರೀಯಾದರು. ಉತ್ತರ ಭಾರತದ ಬಡವರ ನಡುವೆ ದುಡಿದು, 1992ರಲ್ಲಿ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರಕ್ಕೆ ಬಂದರು. ಅಲ್ಲಿಯ ಆದಿವಾಸಿ ಕೂಲಿಕಾರರು ಸಾಲ ಕೊಟ್ಟವರ ಹಿಡಿತದಲ್ಲಿದ್ದರು. ಬಡ್ಡಿ ಎಷ್ಟು, ಅಸಲೆಷ್ಟು ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಸಿಸ್ಟರ್ ಅವರನ್ನು ಸಂಘಟಿಸಿದರು, ಅಕ್ಷರ ಕಲಿಸಲು ನೆರವಾದರು, ಒಟ್ಟಿಗೆ ಉಳಿತಾಯ ಮಾಡುವುದನ್ನು, ಸರ್ಕಾರದಿಂದ ಬರಬೇಕಾದದ್ದನ್ನು ಕೇಳಿ ಪಡೆಯುವುದನ್ನು ತಿಳಿಸಿಕೊಟ್ಟರು. ಬಡವರು ಲೆಕ್ಕ ಕಲಿತದ್ದು ಊರಿನ ಪ್ರಬಲರಿಗೆ ಸಹಿಸಲಾಗಲಿಲ್ಲ. 1995ರ ಫೆಬ್ರುವರಿ 25ರಂದು ಸಿಸ್ಟರ್ ಇಂದೋರಿಗೆ ಹೋಗುವ ಬಸ್ಸಿನಲ್ಲಿದ್ದಾಗ, ಸಮುಂದರ್ ಸಿಂಗ್ ಎಂಬ ಯುವಕ ಎಲ್ಲ ಪ್ರಯಾಣಿಕರ ಎದುರಿಗೇ ಅವರನ್ನು ಚೂರಿಯಿಂದ ಮತ್ತೆ ಮತ್ತೆ ಇರಿದು ಕೊಂದ. ಅವರಿಗೆ ಆಗ 41 ವರ್ಷ.

ಸಮುಂದರನಿಗೆ ಜೀವಾವಧಿ ಶಿಕ್ಷೆಯಾಯಿತು. ಅವನನ್ನು ಈ ಕೆಲಸಕ್ಕೆ ಎತ್ತಿಕಟ್ಟಿದವರು ಕೈಬಿಟ್ಟರು, ಅವನ ಸಂಸಾರವೂ ಒಡೆಯಿತು. ಸೆರೆಮನೆಯಲ್ಲಿ ಅವನೊಳಗೆ ಉರಿಯುತ್ತಿದ್ದದ್ದು ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ಸೇಡು. ಹೊರಗೆ ಬಂದರೆ ತನ್ನನ್ನು ಹಾಳುಮಾಡಿದವರನ್ನು ಮುಗಿಸಬೇಕೆಂಬ ಹಟ. ಸ್ವಾಮಿ ಸದಾನಂದ ಎಂಬ ಕ್ರೈಸ್ತ ಗುರುಗಳು ಅವನನ್ನು ಸೆರೆಮನೆಯಲ್ಲಿ ಕಂಡು ಮಾತಾಡತೊಡಗಿದರು. 2002ರ ಆಗಸ್ಟ್‌ನಲ್ಲಿ, ರಕ್ಷಾಬಂಧನದ ಹೊತ್ತಿಗೆ, ರಾಣಿ ಮರಿಯಾ ಅವರ ಒಡಹುಟ್ಟಿದ ತಂಗಿ, ಅದೇ ಸಭೆಯ ಕನ್ಯಾಸ್ತ್ರೀ ಸೆಲ್ಮಿ ಪೌಲ್ ಆ ಸೆರೆಮನೆಗೆ ಹೋದರು. ಅಕ್ಕನನ್ನು ಇರಿದ ಕೈಗೆ ರಾಖಿ ಕಟ್ಟಿದರು. ಅವನನ್ನು ಸೋದರ ಎಂದು ಒಪ್ಪಿಕೊಂಡರು.

ಕೊಲೆಗೂ ರಾಖಿಗೂ ನಡುವೆ ಏಳು ವರ್ಷಗಳಿವೆ. ಆ ಮನೆಯವರು ಅಷ್ಟು ವರ್ಷ ಅತ್ತಿದ್ದಾರೆ, ಪ್ರಾರ್ಥಿಸಿದ್ದಾರೆ, ಕ್ಷಮಿಸಿದೆವು ಎಂದು ಬಾಯಲ್ಲಿ ಹೇಳಿದ್ದನ್ನು ಒಳಗೆ ಇಳಿಸಿಕೊಳ್ಳಲು ಹೆಣಗಿದ್ದಾರೆ. ಸಮುಂದರನ ಬಿಡುಗಡೆಗೆ ಕೋರಿದ ಮನವಿಗೆ ಅದೇ ಕುಟುಂಬ ಸಹಿ ಹಾಕಿತು. 2006ರಲ್ಲಿ ಅವನು ಹೊರಬಂದ. ಕೇರಳಕ್ಕೆ ಹೋಗಿ ಸಿಸ್ಟರ್ ಅವರ ತಂದೆತಾಯಿಗಳ ಮುಂದೆ ಕ್ಷಮೆ ಬೇಡಿದ. ತಾಯಿ ಎಲಿಸ್ವಾ ಮಗಳ ರಕ್ತ ತಾಗಿದ ಆ ಕೈಗಳಿಗೆ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯೆ ಎಂದು ಘೋಷಿಸಿದ ದಿನ ಆ ಜನಸಾಗರದಲ್ಲಿ ಸಮುಂದರ್ ಸಿಂಗ್ ಕೂಡ ಇದ್ದ.

ಆ ತಾಯಿ ಮಗಳನ್ನು ಮರೆತಿರಲಿಲ್ಲ. ಮರೆತಿದ್ದರೆ ಆ ಕೈಗಳು ಅವರಿಗೆ ಯಾವುದೋ ಅಪರಿಚಿತನ ಕೈಗಳಾಗಿರುತ್ತಿದ್ದವು. ಕ್ಷಮಿಸಬೇಕಾದರೆ ಮರೆಯಬೇಕು ಎಂದು ನಾವು ಆಗಾಗ ಹೇಳುತ್ತೇವೆ, ಮರೆಯಲಾಗದ್ದಕ್ಕೆ ನಮ್ಮನ್ನೇ ಹಳಿದುಕೊಳ್ಳುತ್ತೇವೆ. ಎಲಿಸ್ವಾ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡೇ ಕ್ಷಮಿಸಿದರು. ಆ ಮನೆಯವರ ಕ್ಷಮೆಯಿಂದ ಇನ್ನಷ್ಟು ಕೊಲೆಗಳು ತಪ್ಪಿರಬೇಕು. ಸೇಡಿನ ಲೆಕ್ಕ ಹಾಕುತ್ತಿದ್ದವನು ಆ ಲೆಕ್ಕವನ್ನು ಸೆರೆಮನೆಯಲ್ಲೇ ಬಿಟ್ಟುಬಂದ.

ನಮ್ಮ ನಿಮ್ಮ ಬಾಳಿನಲ್ಲಿ ಇಷ್ಟು ದೊಡ್ಡ ಪರೀಕ್ಷೆ ಬರದೇ ಇರಲಿ. ಆದರೆ ಸಣ್ಣವು ಬಂದೇ ಬರುತ್ತವೆ. ಮದುವೆಗೆ ಕರೆಯಲಿಲ್ಲವೆಂದು ಮಾತು ಬಿಟ್ಟ ನೆಂಟರು, ಬೇಲಿಯ ಜಗಳದಿಂದ ಮುಖ ತಿರುಗಿಸಿದ ನೆರೆಯವರು, ಕಚೇರಿಯಲ್ಲಿ ನಮ್ಮ ಮೇಲೆ ಇಲ್ಲದ್ದನ್ನು ಹೇಳಿದ ಸಹೋದ್ಯೋಗಿ, ಮುದಿ ತಂದೆತಾಯಿಯನ್ನು ನೋಡಿಕೊಳ್ಳದ ಒಡಹುಟ್ಟಿದವರು. ಇಲ್ಲಿ ಕ್ಷಮೆಯನ್ನು ಅಭ್ಯಾಸ ಮಾಡುವುದು ಹೇಗೆ? ಕ್ರೈಸ್ತ ಪರಂಪರೆ ಇದಕ್ಕೆ ಕೆಲವು ದಾರಿಗಳನ್ನು ಮಾಡಿಕೊಟ್ಟಿದೆ.

ಒಂದು, ಹೆಸರಿಟ್ಟು ಪ್ರಾರ್ಥಿಸುವುದು. ಶತ್ರುಗಳಿಗಾಗಿ ಪ್ರಾರ್ಥಿಸಿ ಎಂದು ಯೇಸು ಬೆಟ್ಟದ ಮೇಲಿನ ಬೋಧನೆಯಲ್ಲಿ ಹೇಳಿದರು. ಒಳ್ಳೆಯ ಭಾವನೆ ಬರಲಿ, ಆಮೇಲೆ ಪ್ರಾರ್ಥಿಸುತ್ತೇನೆ ಎಂದು ಕಾಯಬೇಕಾಗಿಲ್ಲ. ಅವರ ಹೆಸರು ಹೇಳಿ, ದೇವರೇ ಅವರಿಗೆ ಒಳ್ಳೆಯದು ಮಾಡು ಎನ್ನಿ. ಮೊದಲ ದಿನ ಗಂಟಲು ಒಣಗುತ್ತದೆ. ಹಾಗಾದರೂ ಹೇಳಿ. ನಿನ್ನೆ ಕ್ಷಮಿಸಿದ್ದು ಇಂದು ಬೆಳಗ್ಗೆ ಮತ್ತೆ ಸಿಟ್ಟಾಗಿ ಎದ್ದರೆ ಗಾಬರಿಯಾಗಬೇಡಿ. ಏಳೆಪ್ಪತ್ತು ಸಲ ಎಂಬುದು ಹೊಸ ಹೊಸ ತಪ್ಪುಗಳಿಗೆ ಮಾತ್ರ ಹೇಳಿದ ಸಂಖ್ಯೆ ಎಂದು ನನಗೆ ಅನಿಸುವುದಿಲ್ಲ. ಒಂದೇ ಹಳೆಯ ನೋವನ್ನು ಅಷ್ಟು ಸಲ ಕ್ಷಮಿಸಬೇಕಾಗಿ ಬರಬಹುದು.

ಎರಡು, ಆಡುವ ಮಾತಿನಲ್ಲಿ ಸಂಯಮ. ಸತ್ಯವನ್ನು ಹೇಳಬೇಕಾದ ಕಡೆ ಹೇಳಲೇಬೇಕು. ಬೀದಿ ಬೀದಿಯಲ್ಲಿ ಅದನ್ನು ಹರಡುವ, ಮಕ್ಕಳ ಕಿವಿಗೆ ತುಂಬುವ ಕೆಲಸ ಬೇಡ. ದೊಡ್ಡವರ ಜಗಳ ಮಕ್ಕಳಿಗೆ ಪಿತ್ರಾರ್ಜಿತವಾಗಿ ಹೋಗುವುದು ಹೀಗೆಯೇ.

ಮೂರು, ನಾವೇ ಮೊದಲು ಹೋಗುವುದು. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ, ಸೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಡನೆ ರಾಜಿಯಾಗು ಎಂದು ಯೇಸು ಹೇಳಿದರು. ಕೆಥೋಲಿಕರ ಬಲಿಪೂಜೆಯಲ್ಲಿ ಪ್ರಸಾದ ಸ್ವೀಕರಿಸುವ ಮುನ್ನ ಅಕ್ಕಪಕ್ಕದವರಿಗೆ ಕೈಮುಗಿದು ಶಾಂತಿ ಕೋರುವ ಪದ್ಧತಿಯೂ ಆ ಮಾತನ್ನು ನೆನಪಿಸುತ್ತದೆ. ಎಡಕ್ಕೂ ಬಲಕ್ಕೂ ಕೈಮುಗಿದು, ಮೂರು ಬೆಂಚಿನಾಚೆ ಕುಳಿತ ತಮ್ಮನ ಕಡೆ ಮಾತ್ರ ತಿರುಗದಿದ್ದರೆ ಆ ಶಾಂತಿ ಎಲ್ಲಿಂದ ಬರಬೇಕು?

ನಾಲ್ಕು, ಕ್ಷಮೆ ಕೇಳುವುದನ್ನು ಕಲಿಯುವುದು. ಕೊಡುವುದಕ್ಕಿಂತ ಇದು ನಮಗೆ ಕಷ್ಟ. “ತಪ್ಪಾಗಿದ್ದರೆ ಕ್ಷಮಿಸಿ” ಎನ್ನುವುದು ಕ್ಷಮೆ ಕೇಳಿದಂತಲ್ಲ. ಅದರಲ್ಲಿ ತಪ್ಪಿನ ಒಪ್ಪಿಗೆಯೇ ಇಲ್ಲ. ಪಾಪನಿವೇದನೆ ಮಾಡುವ ಕೆಥೋಲಿಕನಿಗೆ ಆತ್ಮಶೋಧನೆ, ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಎಂಬ ಕ್ರಮವಿದೆ. ಹಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕರ್ತನ ಭೋಜನಕ್ಕೆ ಬರುವ ಮುನ್ನ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಎಲ್ಲರೂ ಒಟ್ಟಾಗಿ ತಪ್ಪೊಪ್ಪಿಕೊಳ್ಳುತ್ತಾರೆ. ಯೆರಿಕೋ ಊರಿನ ಸುಂಕದ ಅಧಿಕಾರಿ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ ಬರೀ ಕಣ್ಣೀರು ಹಾಕಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದ. ಕಿತ್ತುಕೊಂಡದ್ದನ್ನು ಹಿಂದಿರುಗಿಸದೆ ಕ್ಷಮೆ ಮಾತ್ರ ಬೇಕೆನ್ನುವವರು ಜಕ್ಕಾಯನ ಮನೆಗೆ ಒಮ್ಮೆ ಹೋಗಿಬರಬೇಕು.

ವ್ಯಕ್ತಿಗಳಂತೆ ಧರ್ಮಸಭೆಯೂ ಕ್ಷಮೆ ಕೇಳಬೇಕಾಗುತ್ತದೆ. 2000ದ ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಜಗದ್ಗುರು ಪೋಪ್ ಎರಡನೆಯ ಜಾನ್ ಪಾಲ್ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಶತಮಾನಗಳ ಕಾಲ ಕ್ರೈಸ್ತರು ಮಾಡಿದ ತಪ್ಪುಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಸತ್ಯದ ಸೇವೆಯ ಹೆಸರಿನಲ್ಲಿ ನಡೆದ ಹಿಂಸೆ, ಯೆಹೂದ್ಯರ ವಿರುದ್ಧದ ಪಾಪಗಳು, ಹೆಂಗಸರ ಘನತೆಗೆ ಆದ ಅವಮಾನ, ಇವೆಲ್ಲ ಆ ಪ್ರಾರ್ಥನೆಯಲ್ಲಿದ್ದವು. ಇದೇ ಜಗದ್ಗುರುಗಳು 1981ರ ಮೇ 13ರಂದು ತಮ್ಮ ಮೇಲೆ ಗುಂಡು ಹಾರಿಸಿದ ಮೆಹ್ಮತ್ ಅಲಿ ಅಗ್ಜಾನನ್ನು 1983ರ ಡಿಸೆಂಬರ್‌ನಲ್ಲಿ ಸೆರೆಮನೆಗೇ ಹೋಗಿ ಕಂಡು, ಕುರ್ಚಿಗೆ ಕುರ್ಚಿ ತಾಗುವಂತೆ ಕುಳಿತು ಮಾತಾಡಿದವರು. ಕ್ಷಮೆ ಕೊಡಲು ಬಲ್ಲವರಿಗೆ ಕೇಳುವುದಕ್ಕೂ ನಾಚಿಕೆಯಿರಲಿಲ್ಲ.

ಕೊನೆಯದಾಗಿ, ಎಷ್ಟು ಪ್ರಯತ್ನಿಸಿದರೂ ಕ್ಷಮಿಸಲಾಗುತ್ತಿಲ್ಲ ಎಂದು ಒದ್ದಾಡುವವರಿಗೆ ಒಂದು ಮಾತು. ನಿಮ್ಮ ಗಾಯ ಇನ್ನೂ ಹಸಿಯಾಗಿರಬಹುದು. ಹೊಡೆದವರು ಇನ್ನೂ ಹೊಡೆಯುತ್ತಲೇ ಇರಬಹುದು. ಮೊದಲು ನೀವು ಸುರಕ್ಷಿತವಾಗಿರಿ. ಅದು ಸ್ವಾರ್ಥವಲ್ಲ. ಶಿಲುಬೆಯ ಮೇಲಿದ್ದ ಯೇಸು ತಮ್ಮನ್ನು ಜಡಿದವರ ಕಡೆ ತಿರುಗಿ ನಿಮ್ಮನ್ನು ಕ್ಷಮಿಸಿದ್ದೇನೆ ಎನ್ನಲಿಲ್ಲ. ಇವರನ್ನು ಕ್ಷಮಿಸು ಎಂದು ತಂದೆಯಾದ ದೇವರನ್ನು ಬೇಡಿದರು. ಕಲ್ಲೇಟು ತಿಂದು ಸಾಯುತ್ತಿದ್ದ ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನೂ ಮಾಡಿದ್ದು ಅದನ್ನೇ. ನೋವು ತಡೆಯಲಾಗದ ಹೊತ್ತಿನಲ್ಲಿ ನಮಗೂ ಆ ದಾರಿ ತೆರೆದಿದೆ. ನನ್ನಿಂದ ಇನ್ನೂ ಆಗುತ್ತಿಲ್ಲ ದೇವರೇ, ನೀನು ಕ್ಷಮಿಸು, ನನಗೆ ಮನಸ್ಸು ಬರುವಂತೆ ಮಾಡು ಎಂದು ಹೇಳಬಹುದು. ಅಷ್ಟು ಹೇಳಿದವರು ಕ್ಷಮೆಯ ದಾರಿಯಲ್ಲಿ ಆಗಲೇ ಕಾಲಿಟ್ಟಿದ್ದಾರೆ. ಆ ತೀರದ ಸಾಲ ಮನ್ನಾ ಮಾಡಿದವನು ಈ ನೂರು ದಿನಾರಿ ಬಿಡುವ ಬಲವನ್ನೂ ಕೊಡುತ್ತಾನೆ.

ಪಾಸ್ಕ ಹಬ್ಬಕ್ಕೆ ಇನ್ನೂ ದಿನಗಳಿವೆ. ಅಷ್ಟರೊಳಗೆ ಒಬ್ಬರ ಮನೆಗಾದರೂ ಹೋಗೋಣ. ತಪ್ಪು ನಮ್ಮದಾಗಿದ್ದರೆ ಅದನ್ನು ಹೆಸರಿಟ್ಟು ಒಪ್ಪಿಕೊಳ್ಳೋಣ, ಕೊಡಬೇಕಾದದ್ದನ್ನು ಕೊಟ್ಟುಬರೋಣ. ತಪ್ಪು ಅವರದಾಗಿದ್ದರೆ ಆದದ್ದನ್ನು ಶಾಂತವಾಗಿ ಹೇಳಿ, ಇದಕ್ಕೆ ನಿಮ್ಮಿಂದ ನನಗೆ ಇನ್ನೇನೂ ಬರಬೇಕಾಗಿಲ್ಲ ಎಂದು ತಿಳಿಸೋಣ. ಹೋಗಲಾಗದಷ್ಟು ದೂರವಿದ್ದರೆ ಫೋನಾದರೂ ಮಾಡೋಣ.